ಕೆಳಗಿನ ಪದರು

ನಳದುರ್ಗದ ಕ್ವಾಟಿಗೆ ಎರಡು ರಾತ್ರಿಯ ಶಿಬಿರ.
ಕನ್ನಡ ಸಾಳಿ, ಏಳನೇ ಇಯತ್ತೆ, ಹನ್ನೊಂದು ಹುಡುಗೂರು.
ಅಂಗಡ್ಯಾಗಿನ ಮಲಗೂ ಚೀಲಕ್ಕ ಸಾವಿರದಿನ್ನೂರಂತ.
ಕಾಂತು ಗುರುಗಳು ಕಾಗದದ ಮ್ಯಾಲ ಗುಣಾಕಾರ ಮಾಡಿ
ಕಾಗದ ಮಡಚಿ ಕಿಸೇದಾಗ ಇಟ್ಟು
ನನ್ನ ಮಷೀನಿನ ಮುಂದ ಬಂದು ನಿಂತ್ರು:
"ನಿಂಗವ್ವಕ್ಕಾ, ತಲಿಗೆ ಅರವತ್ತು ರೂಪಾಯಿ. ಆಗತೈತೇನು?"

ಆಗದ ಏನು. ಊರು ನಮ್ಮದು ಅಕ್ಕಲಕೋಟ.
ಎಂಟು ಹರದಾರಿ ಆಚೆ ಸೊಲ್ಲಾಪುರ,
ಮಂದಿಗೆಲ್ಲಾ ಹೊಚ್ಚಾಕ ಚಾದರ ನೆಯ್ಯೂ ಊರು.
ಅಂಚಿನ ಚಿಂದಿ ಅಲ್ಲಿ ಕಿಲೋದ ಲೆಕ್ಕ.
ಬತ್ತುಲ ಯಲ್ಲಯ್ಯನ ಕಾರಖಾನ್ಯಾಗ ಮೂರು ಗೋಣಿ ಹಿಡದೆ.
ಅವ ತೆಲುಗಿನ್ಯಾಗ ರೇಟು ಹೇಳಿದ,
ನಾ ಕನ್ನಡದಾಗ ಇಳಿಸಿದೆ,
ಮರಾಠ್ಯಾಗ ಒಪ್ಪಂದ ಆತು.

ನೆಲಕ್ಕ ತಾಗೂ ಪದರಿನೊಳಗ ನೀರು ಹಾಯಬಾರದು.
ಚುನಾವಣಿ ಮುಗದು ಹದಿನೈದು ದಿನ,
ಸೋತವನ ಬ್ಯಾನರು ಇನ್ನೂ ಕಂಬಕ್ಕ ಜೋತು ಬಿದ್ದಿದ್ವು.
ಹುಡುಗೂರು ನಿಚ್ಚಣಿಕಿ ಹಾಕಿ ಇಳಿಸಿದ್ರು.
ಏನು ದೊಡ್ಡ ಮಾರಿ! ಕತ್ತರಿ ಆಡಿಸಿದೆ:
ಒಬ್ಬನ ಪಾಲಿಗೆ ಕಿವಿ, ಒಬ್ಬಾಕಿಗೆ ಮುಗಿದ ಕೈಯೊಳಗಿನ ಎಡಗೈ,
ಕಲ್ಮೇಶನ ಚೀಲಕ್ಕ ಬರೇ ಹಲ್ಲು.
"ಸೋತವಂದ ಯಾಕ?" ಅಂದ್ರು ಗುರುಗಳು.
"ಗೆದ್ದವಂದು ಇನ್ನೈದು ವರ್ಷ ಯಾರು ಇಳಸ್ತಾರ್ರೀ?"

ಅದರ ಮ್ಯಾಲ ಗೊಬ್ಬರದ ಚೀಲ, ಎರಡು ಸಲ ಒಗದದ್ದು.
ಒಂದ ಸಲ ಒಗದ್ರ ಯೂರಿಯಾ ಕನಸಿನ್ಯಾಗ ನಾರತೈತಿ.
ಅದರ ಮ್ಯಾಲ ಚಿಂದಿ. ಚಿಂದಿ ಮ್ಯಾಲ ಸೀರಿ,
ಅವರವರ ಮನೀದು.
ಶಕೀಲಾ ತಂದದ್ದು ಅಜ್ಜೀದು, ಹಸಿರು ಇಳಕಲ್ಲು,
ನಡುವ ಸವದು ಬಲಿ ಆಗಿತ್ತು, ಸೆರಗು ಮಾತ್ರ ಬೆಂಕಿಹಂಗ ಕೆಂಪು.
ಸೆರಗು ತಲಿಕಡೆ ಬರೂಹಂಗ ಹೊಲದೆ.
ಜಿಪ್ಪಿಗೆ ರೊಕ್ಕಿಲ್ಲ. ಕಸಿ ಹಚ್ಚಿದೆ, ಏಳೇಳು ಜೋಡಿ,
ಹಸಗೂಸಿನ ಅಂಗಿಗೆ ಹಚ್ಚೂವಂಥಾವು.

ಹತ್ತು ಮುಗದ್ವು.
ಹನ್ನೊಂದನೇದಾಕಿ ಸಂಜಿಮುಂದ ಬಂದ್ಳು, ಸುಂದರಿ.
ಕಬ್ಬು ಕಡಿಯೂ ಟೋಳಿಯಾಕಿ,
ದೀಪಾವಳಿಗೆ ಹೆಸರು ಹಚ್ಚಿಸಿ ಶಿವರಾತ್ರಿಗೆ ತಗಸೂವಾಕಿ.
ಸೀರಿ ತಂದಿರಲಿಲ್ಲ.
"ಅವ್ವ ಉಟ್ಟಾಳ್ರೀ" ಅಂದ್ಳು.
ಹೊಲದಿಟ್ಟ ಚೀಲ ಒಂದೊಂದ ಒತ್ತಿ ನೋಡಿದ್ಳು,
ಅರವಿ ಅಂಗಡ್ಯಾಗ ಹಟ ಹಿಡದು ಕುಂತ ಹೆಂಗಸರಹಂಗ.

"ಅಕ್ಕಾ, ಎಲ್ಲಾ ಮ್ಯಾಲಿಂದ ಹೊಚ್ಚಾಕ ಮಾಡೀರಿ.
ಥಂಡಿ ಮ್ಯಾಲಿಂದ ಬರೂದಿಲ್ರೀ, ಕೆಳಗಿಂದ ಬರತೈತಿ.
ಮುಗಲು ಏನೂ ಮಾಡೂದಿಲ್ಲ.
ನೆಲ ಐತಲ್ರೀ, ಅದು ಮೈಯಾಗಿನ ಬಿಸಿ ಹೀರತೈತಿ,
ಕೂಸು ಹಾಲು ಕುಡದಂಗ."

ಹನ್ನೆರಡು ವರ್ಷದಾಕಿ.
ನಾ ಮೂವತ್ತು ವರ್ಷ ಕೌದಿ ಹೊಲದಾಕಿ,
ಎಲ್ಲಾ ಕೌದಿ ಮಾಳಗಿ ಕೆಳಗ, ಮಂಚದ ಮ್ಯಾಲ.

ಕುಂತು ಹತ್ತೂ ಬಿಚ್ಚಿದೆ.
ಬ್ಯಾನರಿಗೂ ಗೊಬ್ಬರದ ಚೀಲಕ್ಕೂ ನಡುವ ಬಾಯಿ ಬಿಟ್ಟೆ,
ತೆಲಿದಿಂಬಿನ ಗವಸಣಿಗೀಹಂಗ.
ಅಲ್ಲಿ ಹೋಗಿ ತುಂಬಕೋಬೇಕು,
ರವದಿ, ಕಣಿಕಿ, ಸಿಕ್ಕದ್ದು, ಗೇಣು ದಪ್ಪ.
ಹೊರಾಕ ಭಾರಿಲ್ಲ, ಕೊಡಾಕ ರೊಕ್ಕಿಲ್ಲ.
ರವದಿ ಆರಸೂದು ಸುಂದರಿ ಕೆಲಸ:
ಮುರದ್ರ ಪಟ್ ಅನಬೇಕು,
ಹಸೀದು ನಡುರಾತ್ರಿ ಬೆವರತೈತಿ.
ಆಕಿ ಚೀಲಕ್ಕ ನನ್ನ ಸೀರಿ ಹಾಕಿದೆ.
ಹಳೇದಂತ ಹೇಳಿದೆ.

ತಲಿಗೆ ಐವತ್ತೇಳು ಬಿತ್ತು. ಉಳದದ್ದಕ್ಕ ಸೂಜಿ, ದಾರ,
ಮತ್ತ ಒಂದು ಕಪ್ ಚಾ.

ಸೋಮವಾರ ಗುರುಗಳು ಬಂದು ಹೇಳಿದ್ರು:
ಎರಡನೇ ರಾತ್ರಿ ಗಾಳಿ ಬಿಟ್ಟಿತ್ತು, ಹುಡುಗೂರು ಮಿಸುಕಲಿಲ್ಲ.
ಸುಂದರಿ ಒಬ್ಬಾಕಿ ಎದ್ದು ಕುಂತಿದ್ಳು.
"ಥಂಡಿ ಏನವಾ?"
"ಇಲ್ರೀ ಸರ್, ಬೆಚ್ಚಗೈತಿ.
ಎತ್ತು ಮೆಲಕಾಡಸೂ ಸಪ್ಪಳಿಲ್ಲ.
ಅದಕ್ಕ ನಿದ್ದಿ ಹತ್ತವಲ್ದು."

ಹತ್ತು ಚೀಲ ಸಾಳಿ ಟ್ರಂಕಿನ್ಯಾಗ ಅದಾವ.
ದಫ್ತರದಾಗ ಹನ್ನೊಂದಂತ ಬರದಾರ ಗುರುಗಳು,
ನಾ ಎಣಸಾಕ ಹೋಗಿಲ್ಲ.
ಶಿವರಾತ್ರಿ ಆಗಿ ತಿಂಗಳಾತು.
ಮೊನ್ನೆ ಬಿಸಲಿಗೆ ಹಾಕಿ ಒದರಿದೆ.
ಕಲ್ಮೇಶನ ಚೀಲದ ಬಾಯಾಗಿಂದ, ಹಲ್ಲಿನ ಹಿಂದಿಂದ,
ಒಂದೀಟು ರವದಿ ಚೂರು ಬಿತ್ತು.
ಮುರದು ನೋಡಿದೆ. ಪಟ್ ಅಂತು.