ಮುಂದೆ ಹೆಸರಿಸಲಾಗುವವನು

ಕ್ಲೀವ್‌ಲ್ಯಾಂಡಿನ ಪೂರ್ವದಂಚಿಗೆ, ಲಾಂಡ್ರಿಯ ಪಕ್ಕ ನನ್ನ ಅಂಗಡಿ.
ಜಿಪ್ಪು, ಅಂಚು, ಮದುವೆ ಗೌನು ಎಲ್ಲ ಇದ್ದದ್ದೇ,
ಬಾಡಿಗೆ ಕಟ್ಟುವುದು ಮಾತ್ರ ಬೇಸ್‌ಬಾಲು.
ಜೆರ್ಸಿಯ ಬೆನ್ನಿಗೆ ಹೆಸರು ಹೊಲಿಯುತ್ತೇನೆ,
ಅಕ್ಷರಕ್ಕೆ ನಾಲ್ಕು ಡಾಲರು.
ಉದ್ದ ಹೆಸರಿನವರೇ ಚೆನ್ನಾಗಿ ಆಡಲೆಂದು
ಹರಕೆ ಹೊರುವ ಅಭಿಮಾನಿ ಊರಿಗೆಲ್ಲ ನಾನೊಬ್ಬಳೇ ಇರಬೇಕು.

ಡಿಸೆಂಬರ್ ಹನ್ನೊಂದು. ಸರೋವರದ ಕಡೆಯಿಂದ ಅಡ್ಡಹಿಮ.
ರೇಡಿಯೊ ಹೇಳಿತು: ಅರ್ಟೆಯಾಗನನ್ನು ಕೊಟ್ಟುಬಿಟ್ಟರಂತೆ.
ಕೊಟ್ಟುಬಿಟ್ಟರು.
ಹಳೇ ಕುರ್ಚಿ ಕೊಟ್ಟ ಹಾಗೆ, ಬೆಕ್ಕಿನ ಮರಿ ಕೊಟ್ಟ ಹಾಗೆ.
ಬದಲಿಗೆ ಬಂದದ್ದು
ಮೊಣಕೈ ಕೊಯ್ಯಿಸಿಕೊಂಡ ಹತ್ತೊಂಬತ್ತರ ಒಬ್ಬ ಪಿಚರ್,
ಎಷ್ಟೆಂದು ಯಾರೂ ಹೇಳದ ಒಂದಿಷ್ಟು ನಗದು,
ಮತ್ತು, ಓದುವವನ ದನಿ ಕೂಡ ಇಲ್ಲಿ ತಗ್ಗಿತು,
ಮುಂದೆ ಹೆಸರಿಸಲಾಗುವ ಒಬ್ಬ ಆಟಗಾರ.

ಸೂಜಿ ಬೆರಳಿಗೆ ಚುಚ್ಚಿತೆಂದರೆ ಕವಿತೆಗೆ ಚೆಂದ.
ಚುಚ್ಚಲಿಲ್ಲ. ಬಾಬಿನ್ ಖಾಲಿಯಾಗಿತ್ತು, ತುಂಬಿಸಿದೆ.
ಆಮೇಲೆ ರೇಡಿಯೊಗೆ ಬೈದೆ, ಪೋಲಿಶಿನಲ್ಲಿ,
ಅಜ್ಜಿ ಹಂದಿಗೆ ಬೈಯಲೆಂದೇ ಇಟ್ಟುಕೊಂಡಿದ್ದ ಮಾತಿನಲ್ಲಿ.

ಭವಿಷ್ಯ, ಎಂದರು ತಂಡದ ಮಾಲೀಕರು.
ನನಗೀಗ ಅರವತ್ತೊಂದು.
ನನ್ನ ಲೆಕ್ಕಕ್ಕೆ ಇದು ಅವರ ಐದನೆಯ ಭವಿಷ್ಯ.

ಅವನು, ಎರಡು ಮೂರರ ನಡುವಿನ ಆ ಕೆಂಪು ಮಣ್ಣಿನಲ್ಲಿ,
ಚೆಂಡು ಇನ್ನೇನು ಹುಲ್ಲಿಗೆ ನುಸುಳಿತು ಎನ್ನುವಾಗ
ಬರಿಗೈಯಲ್ಲಿ ಹೆಕ್ಕಿ, ಕಾಲು ಊರುವ ಮೊದಲೇ ಎಸೆದು,
ಏನೂ ಆಗಿಲ್ಲವೆಂಬಂತೆ ಟೋಪಿ ಸರಿಮಾಡಿಕೊಳ್ಳುತ್ತಿದ್ದ.
ಆ ಟೋಪಿ ಸರಿಮಾಡುವುದನ್ನು ಯಾರಿಗೆ ಕೊಟ್ಟರು?
ಅದೂ ಪಟ್ಟಿಯಲ್ಲಿತ್ತೆ?

ಶನಿವಾರ ಬಾಗಿಲು ತೆರೆಯುವ ಮೊದಲೇ ಸಾಲು.
ಬಸ್ ಓಡಿಸುವ ಲಾವೆಲ್ ಹೇಳಿದ:
ಹೆಸರು ತೆಗಿ, ನಂಬರು ಇರಲಿ, ನಂಬರು ಪಾಪ ಏನು ಮಾಡಿತು.
ಒಬ್ಬ ಹುಡುಗಿಗೆ ಹೆಸರಿನ ಮೇಲೆ ಕಪ್ಪು ದಾರದ ಗೀಟು ಬೇಕಂತೆ.
ಒಲ್ಲೆ ಎಂದೆ. ಹೋದವನೇನು ಕಳ್ಳನೇ?
ಕೊನೆಗೆ ಮುದುಕ ಪೊಟೊಕಾರ್, ಹಿಮ ಕೊಡವದೆ ಕೂತು,
'ಬಿಚ್ಚು ಡೊರೊಟಾ. ಇನ್ನು ಯಾರ ಹೆಸರೂ ಬೇಡ.
ಈ ಬೆನ್ನು ಬರಿದಾಗೇ ಇರಲಿ.'

ಬಿಚ್ಚಿದೆ. ಏಳು ಅಕ್ಷರ, ಅದರಲ್ಲಿ ಮೂರು ಎ.
ಒಂದೊಂದೇ ಬಿಸ್ಕತ್ತಿನ ಡಬ್ಬಕ್ಕೆ.
ಆದರೆ ಆರು ಬೇಸಗೆಯ ಬಿಸಿಲು
ಅಕ್ಷರಗಳ ಸುತ್ತ ಬಟ್ಟೆಯನ್ನು ತಿಂದಿತ್ತು,
ಕೆಳಗಿನದನ್ನು ಮುಟ್ಟಿರಲಿಲ್ಲ.
ಹೆಸರು ತೆಗೆದರೂ ಹೆಸರಿತ್ತು, ಕಡುನೀಲಿಯಾಗಿ,
ಹೊಸದಾಗಿ ಕೊಂಡ ದಿನದ ಬಣ್ಣದಲ್ಲಿ.
'ಇದನ್ನು ತೆಗೆಯಲು ಎಷ್ಟು?' ಎಂದ.
ಬಿಸಿಲನ್ನು ಕೇಳಬೇಕು, ಎಂದೆ.

ಜನವರಿಯಲ್ಲಿ ಇನ್ನಿಬ್ಬರು ಹೋದರು, ಒಬ್ಬ ಬಂದ,
ಬಂದವನ ಮಂಡಿ ನನ್ನ ಮಂಡಿಗಿಂತ ಹಳೆಯದು.
ಊರೆಲ್ಲ ಆ ಹೆಸರಿಲ್ಲದವನದೇ ಸುದ್ದಿ:
ಎಡಗೈಯಂತೆ, ಕ್ಯಾಚರಂತೆ, ಕ್ಯೂಬಾದವನಂತೆ, ಸುಳ್ಳಂತೆ.
ಲಾವೆಲ್‌ನ ಮಗ ಜೆರ್ಸಿ ಹಿಡಿದು ಬಂದ, ಅವನ ಹೆಸರೇ ಹಾಕು ಎಂದು.
ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಮಗಾ, ಎಂದೆ.
ಹೇಳಿದ ಮೇಲೆ ನೋಡಿದೆ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ
ಖಾಲಿ ಚೌಕಗಳನ್ನು ನಾನೇ ಗೀಚಿದ್ದೆ.

ಮೇ ತಿಂಗಳಲ್ಲಿ ಹೆಸರಿಸಿದರು. ವಾಂಡರ್‌ಮೋಲೆನ್.
ಮಿಶಿಗನ್ನಿನ ಹುಡುಗ, ದೊಡ್ಡ ಕಿವಿ,
ಮೊದಲ ಪಂದ್ಯದಲ್ಲೇ ಚೆಂಡು ಬಿಟ್ಟ, ಎರಡು ಸಲ.
ಮಾರನೆಯ ದಿನ ಪೊಟೊಕಾರ್ ಬಂದ. ನನ್ನ ಮುಖ ನೋಡಲಿಲ್ಲ.
ಕೌಂಟರಿನ ಮೇಲೆ ಜೆರ್ಸಿ ಇಟ್ಟು ಕೆಮ್ಮಿದ.

ಹನ್ನೊಂದು ಅಕ್ಷರ. ಹಳೆಯ ನೆರಳಿನ ಮೇಲೇ ಕೂರಿಸಿದೆ,
ಅಂಚಿನಲ್ಲಿ ಒಂದೆರಡು ಕಡೆ ಕಡುನೀಲಿ ಇಣುಕುತ್ತದೆ.
ಎಂಟಕ್ಕಷ್ಟೇ ದುಡ್ಡು ತೆಗೆದುಕೊಂಡೆ.
ಯಾಕೆಂದು ಅವನು ಕೇಳಲಿಲ್ಲ.
ಒಂದು ಎ, ಒಂದು ಇ, ಒಂದು ಆರ್
ಡಬ್ಬದಲ್ಲೇ ಇದ್ದವು.