ಸೂಜಿಗಲ್ಲು

ಕೌಲ್ ಬಜಾರಿನಲ್ಲಿ ನಮ್ಮದು ಮೋಟಾರು ಸುತ್ತುವ ಅಂಗಡಿ.
ನಮ್ಮದು ಅಂದರೆ ಹೊನ್ನೂರಸಾಬರದು. ನಾನು
ಸುಟ್ಟ ತಂತಿ ಕೀಳುವ ಹುಡುಗ,
ಬೆರಳ ತುದಿಗೆ ಸದಾ ವಾರ್ನಿಷ್.

ಮಾಳಿಗೆ ಮೇಲೆ ಅವರ ಪಾರಿವಾಳ, ಇಪ್ಪತ್ತೆರಡು.
ಭಾನುವಾರ ಅದಿರಿನ ಖಾಲಿ ಲಾರಿ ಹತ್ತಿಸಿ
ಬುಟ್ಟಿ ಸಮೇತ ನನ್ನನ್ನು ಸಂಡೂರಿಗೆ ಕಳಿಸುವರು.
ಗುಡ್ಡದ ನೆತ್ತಿಯಲ್ಲಿ ಮುಚ್ಚಳ ತೆಗೆದರೆ
ಒಂದು ಸುತ್ತು, ಎರಡು ಸುತ್ತು,
ಆಮೇಲೆ ಯಾರೋ ದಾರ ಎಳೆದ ಹಾಗೆ ಬಳ್ಳಾರಿ ಕಡೆ.
ನಾನು ಬಸ್ಸಿಳಿಯುವ ಹೊತ್ತಿಗೆ ಅವು ಕಾಳು ತಿಂದು ತೂಕಡಿಕೆ.

ಅದೇ ಗುಡ್ಡದಲ್ಲಿ ಸರ್ವೆಯವರ ದಿಕ್ಸೂಚಿ ನೋಡಿದ್ದೆ.
ನೆಲವೆಲ್ಲ ಕಬ್ಬಿಣ. ಮುಳ್ಳು ಕುಡಿದವನ ಹಾಗೆ,
ಉತ್ತರ ಕೇಳಿದರೆ
ಉತ್ತರವೊಂದು ಬಿಟ್ಟು ಬೇರೆಲ್ಲ ಹೇಳುತ್ತಿತ್ತು.
ಹಕ್ಕಿಗೆ ಹೆಂಗೆ ಗೊತ್ತಾಗತೈತಿ ಅಂದೆ.
“ಅದರೊಳಗೂ ಒಂದು ಸೂಜಿ ಐತಲೇ” ಅಂದರು ಸಾಬರು,
ಆರ್ಮೇಚರಿನಿಂದ ಕಣ್ಣೆತ್ತದೆ.

ಸೂಜಿ ಇದ್ದರೆ ಕೆಡಿಸಲೂ ಬರಬೇಕಲ್ಲ.
ಒಡೆದ ರೇಡಿಯೋದಿಂದ ಬಟಾಣಿಯಷ್ಟು ಮ್ಯಾಗ್ನೆಟ್ಟು ಕಿತ್ತು
ಬೂದಿ ಎಂಬ ಹೆಣ್ಣುಹಕ್ಕಿಯ ಕತ್ತಿನ ಹಿಂದೆ, ಗರಿ ಸರಿಸಿ,
ವಾರ್ನಿಷ್ ಹಚ್ಚಿ ಅಂಟಿಸಿದೆ.
ಬಿಸಿಲಿತ್ತು. ಬೂದಿ ಎಲ್ಲಕ್ಕಿಂತ ಮೊದಲು ಬಂತು.
ಸೂರ್ಯನ ಲೆಕ್ಕವೂ ಅದಕ್ಕೆ ಬರುತ್ತದೆಂದು ನನಗೇನು ಗೊತ್ತು.

ಮುಂದಿನ ವಾರ ಮೋಡ.
ಬಳ್ಳಾರಿಗೆ ಮೋಡ ಬರುವುದೇ ಅಪರೂಪ, ಅವತ್ತೇ ಬರಬೇಕೇ.
ಇಪ್ಪತ್ತೊಂದು ಇಳಿದವು.
ಸಾಬರು ಜೋಳದ ಡಬ್ಬಿ ಅಲ್ಲಾಡಿಸುತ್ತ
ಆ, ಆ ಎಂದು ಆಕಾಶಕ್ಕೆ ಕೂಗಿದರು.
ರಾತ್ರಿಯ ನಮಾಜಿಗೆ ಕರೆ ಬಂದಾಗಲೂ ಮಾಳಿಗೆ ಇಳಿಯಲಿಲ್ಲ.
ನಾನು ಕೆಳಗೆ ತಂತಿಯ ಸುತ್ತು ಎಣಿಸುತ್ತ
ಮೂರು ಸಲ ಲೆಕ್ಕ ತಪ್ಪಿದೆ.

ಒಂಬತ್ತನೇ ದಿನ ಬಂತು.
ಎದೆಯ ಮೇಲೆ ಕೆಂಪು ಧೂಳು, ಬಾಲದಲ್ಲಿ ಎರಡು ಗರಿ ಇಲ್ಲ.
ಎಷ್ಟು ಸುಳ್ಳು ಉತ್ತರಗಳ ಬೆನ್ನು ಹತ್ತಿತ್ತೋ.
ಕತ್ತಿನ ಹಿಂದೆ ಅದು ಹಾಗೇ ಇತ್ತು, ನನ್ನ ಕೈಕೆಲಸ ಗಟ್ಟಿ.
ಸಾಬರು ಥಿನ್ನರಿನಲ್ಲಿ ಬಟ್ಟೆ ಅದ್ದಿ
ಮಗುವಿನ ಕಿವಿ ಒರೆಸಿದ ಹಾಗೆ ಬಿಡಿಸಿದರು.
ನನ್ನ ಬೆರಳು ನೋಡಿದರು.
ಮಾತಿಲ್ಲ. ಅಂಗಡಿಯ ಕಬ್ಬಿಣದ ಬಾಗಿಲಿಗೆ ಒಯ್ದರು,
ಟಪ್ಪೆಂದು ಅಂಟಿಕೊಂಡಿತು.

ಓದಿದವರು ಈಗ ಏನೇನೋ ಹೇಳುತ್ತಾರೆ.
ಕೊಕ್ಕಿನಲ್ಲಿ ಕಬ್ಬಿಣ ಅಂದದ್ದು ಖಾತ್ರಿಯಿಲ್ಲವಂತೆ,
ಕಣ್ಣೊಳಗೇ ಇರಬಹುದಂತೆ,
ನೀಲಿ ಬೆಳಕು ಬಿದ್ದರೆ ದಿಕ್ಕು
ತೆಳ್ಳನೆಯ ನೆರಳಿನ ಹಾಗೆ ಕಾಣುತ್ತಿರಬಹುದಂತೆ.
ಇರಬಹುದು.

ಸಾಬರಿಲ್ಲ, ಗೂಡಿನ ಜಾಗದಲ್ಲಿ ನೀರಿನ ಟ್ಯಾಂಕು.
ಬಾಗಿಲ ಮೇಲೆ ಕರೆಂಟ್ ಬಿಲ್ಲು ಹಿಡಿದು ನಿಂತಿದೆ ಆ ಬಟಾಣಿ.
ಸಂಜೆ ಬಾಗಿಲು ಎಳೆದ ರಭಸಕ್ಕೆ
ಒಮ್ಮೊಮ್ಮೆ ಬಿಲ್ಲು ಉದುರುತ್ತದೆ.
ಅದು ಉದುರುವುದಿಲ್ಲ.