ಮುಚ್ಚಳದ ಒಳಮೈ

ಸಾಕ್ಸಿನೊಳಗೆ ಸುತ್ತಿ ತಂದಿದ್ದಾನೆ ಗೊದೆರ್ಜಿ,
ಮೊಳಕೈವರೆಗೂ ರೋಮ ಸುಟ್ಟುಹೋದ ರೊಟ್ಟಿ ಒಲೆಯವನು.
ಕೈಯ ಹಿಟ್ಟು ಒರೆಸಿಕೊಂಡು ಕೂರು, ಎಂದೆ.
ಒರೆಸಿಕೊಂಡ, ನನ್ನದೇ ಪರದೆಗೆ.

ಒಣ ಸೇತುವೆಯ ಸಂತೆಯಲ್ಲಿ ಸಿಕ್ಕಿತಂತೆ,
ಹಳೇ ಪದಕ, ಹಿಡಿ ಮುರಿದ ಸಮೋವರ್,
ಯಾರದೋ ಮದುವೆ ಫೋಟೋಗಳ ನಡುವೆ.
ಝಾರನ ಕಾಲದ್ದಂತೆ.
ಬತೂಮಿ ಲೈನಿನ ಸ್ಟೇಷನ್ ಮಾಸ್ತರನದಂತೆ.
ಇನ್ನೂರ ಎಂಬತ್ತು ಲರಿ ಅಂದ, ಇನ್ನೂರಕ್ಕೆ ಇಳಿಸಿದೆ ನೋಡು ಲಾಮಾರಾ,
ಎನ್ನುವಾಗ ಮೀಸೆ ತುಂಬ ಗೆಲುವು.

ಅಂತೆಕಂತೆಗಳನ್ನು ಸಂತೆಗೇ ಬಿಟ್ಟು
ಬರಿಯ ಗಡಿಯಾರವನ್ನು ದೀಪದಡಿ ಇಟ್ಟೆ.

ಮೊದಲು ತೂಕ. ಅದು ಅಂಗೈಗೇ ಗೊತ್ತಾಗುತ್ತದೆ:
ಬೆಳ್ಳಿಯಾದರೆ ಕೂರುತ್ತದೆ, ಇದು ನಿಂತೇ ಇದೆ.
ಮೇಲೆ ರೈಲೆಂಜಿನ್ನು, ಹೊಗೆ ಸಮೇತ.
ಕೆತ್ತಿದ್ದಲ್ಲ, ಒತ್ತಿದ್ದು;
ಉಳಿ ತಾಗಿದ ಗೆರೆಗೆ ಅಂಚಿರುತ್ತದೆ,
ಇದು ಬೆಣ್ಣೆಯ ಮೇಲೆ ಬೆರಳಾಡಿದ ಹಾಗೆ.
ಮುಖದ ಮೇಲೊಂದು ಇಸವಿ,
ಸಾವಿರದ ಎಂಟುನೂರ ಎಂಬತ್ತೆರಡು.
ಹುಟ್ಟಿದ ವರ್ಷವನ್ನು ಹಣೆಗೆ ಬರೆದುಕೊಂಡು
ಯಾವ ಮುದುಕ ತಿರುಗುತ್ತಾನೆ?

ಬೆನ್ನು ತೆರೆದೆ.
ಹದಿನೇಳು ಹರಳು ಎಂದು ಬರೆದಿದೆ. ಎಣಿಸಿದೆ: ಐದು.
ಉಳಿದವು ಕೆಂಪು ಬಣ್ಣದ ಬೊಟ್ಟು.
ಹೆಸರಿಲ್ಲ, ಊರಿಲ್ಲ; ಮೊನ್ನೆ ಮೊನ್ನೆ
ಯಾವುದೋ ಕಾರ್ಖಾನೆಯಲ್ಲಿ ಡಜನ್ ಲೆಕ್ಕದಲ್ಲಿ ಹುಟ್ಟಿದ್ದು,
ಹುಟ್ಟುವಾಗಲೇ ಅಜ್ಜನ ವೇಷ ಹಾಕಿಕೊಂಡು.

ಹೇಳಲೆಂದು ಬಾಯಿ ತೆರೆದೆ.
ಆಗ ಕಂಡಿತು ಮುಚ್ಚಳದ ಒಳಮೈ.

ಸೂಜಿಮೊನೆಯಲ್ಲಿ ಗೀಚಿದ್ದು, ಭೂತಗನ್ನಡಿಯಿಲ್ಲದೆ ಕಾಣದ್ದು.
ನಮ್ಮ ಕಸುಬಿನವರು ಹಾಗೆ ಗುರುತು ಹಾಕುತ್ತೇವೆ:
ರಿಪೇರಿ ಮಾಡಿದ ತಿಂಗಳು, ವರ್ಷ, ಒಂದಕ್ಷರ.
ಗಿರಾಕಿಗೆ ಹೇಳುವುದಿಲ್ಲ.
ಮುಂದೆ ತೆರೆಯುವ ಕೈಗೆ ಬರೆದ ಓಲೆ ಅದು.
ಒಂದಲ್ಲ, ಮೂರು.
ಎರಡು ಸಾವಿರದ ಒಂಬತ್ತು, ಮಾರ್ಚ್.
ಹನ್ನೆರಡು, ಮತ್ತೆ ಅದೇ ಕೈ.
ಹದಿನಾರರದ್ದು ಬೇರೆಯವರದ್ದು, ಎಡಚರಿರಬೇಕು,
ಅಕ್ಷರದ ಬಾಲ ಆಚೆಗೆ ವಾಲಿದೆ.

ಒಂದು ರಿಪೇರಿಯ ಕೂಲಿಗೆ ಇಂಥವು ಎರಡು ಬರುತ್ತವೆ.
ಯಾರೋ ಮೂರು ಸಲ ತೆತ್ತಿದ್ದಾರೆ.
ಹೊಸದು ತಗೊಳ್ಳಿ ಎಂದು ನನ್ನಂಥವರು
ಮೂರು ಸಲವೂ ಹೇಳಿಯೇ ಇರುತ್ತಾರೆ.
ಬೇಡ, ಇದೇ, ಎಂದವರು ಯಾರು?
ಆಮೇಲೆ ಅದು ಸೇತುವೆಗೆ ಬಂದದ್ದು ಹೇಗೆ?
ಮುಳ್ಳುಗಳನ್ನು ಕೇಳಿದರೆ ನಾಲ್ಕೂ ಹತ್ತು ಎನ್ನುತ್ತವೆ, ಅಷ್ಟೇ.

ಎಷ್ಟಾಗುತ್ತದೆ? ಗೊದೆರ್ಜಿಗೆ ತಡೆಯಲಾಗುತ್ತಿಲ್ಲ.
ಬೆಲೆ ಕಟ್ಟಬೇಕೆಂದರೆ ಮೊದಲು ಒಂದು ಗೂಟ ಬೇಕು.
ಲೋಹ ಗೂಟವಾಗಲಿಲ್ಲ, ವಯಸ್ಸೂ ಆಗಲಿಲ್ಲ.
ಈ ಮೂರು ಗೀಚು?
ಅಲುಗಾಡಿಸಿ ನೋಡಿದೆ. ಅಲುಗಾಡುತ್ತದೆ.

ಮೂವತ್ತು ಲರಿ, ಎಂದೆ.
ಮೀಸೆಯ ಗೆಲುವು ಇಳಿದುಹೋಯಿತು.
ಒಲೆಯ ಬಾಯಿಗೆ ಬಗ್ಗಿದವನ ಹಾಗೆ ಮುಖ ಕೆಂಪಾಯಿತು.
ಮಗಳ ಗಂಡನಿಗೆ ಕೊಡೋಣ ಅಂದುಕೊಂಡಿದ್ದೆ, ಎಂದ,
ನನಗಲ್ಲ, ಸಾಕ್ಸಿಗೆ.

ಭೂತಗನ್ನಡಿಯನ್ನು ಅವನ ಕೈಗಿತ್ತೆ.
ಗೀಚುಗಳು ಏನೆಂದು ಹೇಳಿದೆ, ಒಂದೇ ಮಾತಿನಲ್ಲಿ.
ನೋಡಿದ. ಉಸಿರಿಗೆ ಗಾಜು ಮಂಜಾಯಿತು,
ಪರದೆಗೆ ಒರೆಸಿ ಮತ್ತೆ ನೋಡಿದ.
ಎದುರಿನ ಬೀದಿಯಲ್ಲಿ ಬಸ್ಸೊಂದು ಬಂದು, ಖಾಲಿಯೇ ಹೋಯಿತು.

ಓಡುತ್ತದಾ?
ಕೀಲಿ ಕೊಟ್ಟರೆ ಒಂದು ನಿಮಿಷ ಓಡಿ ನಿಲ್ಲುತ್ತದೆ.
ಕೊಳೆ ಕಟ್ಟಿದೆ, ಪೂರಾ ಬಿಚ್ಚಿ ತೊಳೆಯಬೇಕು, ಅರವತ್ತಾಗುತ್ತದೆ.
ಹೊಸದು ತಗೋ, ಎಂದೆ. ಹೇಳಲೇಬೇಕಾದ ಮಾತು.

ಗೊದೆರ್ಜಿ ಸಾಕ್ಸನ್ನು ಮಡಚಿ ಜೇಬಿಗಿಟ್ಟುಕೊಂಡ,
ಗಡಿಯಾರವನ್ನು ಮೇಜಿನ ಮೇಲೇ ಬಿಟ್ಟ.
ಶುಕ್ರವಾರ ಬರ್ತೇನೆ, ಸಂಜೆಯ ರೊಟ್ಟಿ ಮುಗಿದ ಮೇಲೆ.

ಬಾಗಿಲು ಮುಚ್ಚಿದ ಮೇಲೂ ಹಿಟ್ಟಿನ ವಾಸನೆ ಇತ್ತು.
ಮುಚ್ಚಳವನ್ನು ದೀಪಕ್ಕೆ ವಾಲಿಸಿ ಹಿಡಿದೆ,
ನಾಲ್ಕನೆಯದಕ್ಕೆ ಜಾಗವಿದೆಯೇ ಎಂದು.
ಆ ಎಡಚರು ಬಿಟ್ಟಿದ್ದಾರೆ, ಬಲಗಡೆ, ಒಂದಿಷ್ಟು.